ಸಂಕ ತೆರೆದ ದಿನ ಅಕ್ಕನನ್ನು ನೋಡಲು ಬಂದವರು

ಬರೆಯಲು ತೊಡಗುವ ಮೊದಲೇ ಓದುಗರ ಕ್ಷಮೆ ಕೇಳಿಬಿಡುವುದು ಉತ್ತಮವೆಂದು ತೋರುತ್ತದೆ. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ಮನೆಯಲ್ಲಿ ಆಡುವುದು ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ, ಕಚೇರಿಗೆ ಹೋದರೆ ಬೇಕಾಗುವುದು ಮಲಯಾಳ. ಹೀಗಾಗಿ ಒಂದು ವಾಕ್ಯ ಬರೆದರೆ ಅದನ್ನು ಮತ್ತೆ ಮತ್ತೆ ತಿದ್ದುವ ಅಭ್ಯಾಸ ನನಗೆ ಅಂಟಿಕೊಂಡಿದೆ. ಆದರೂ ಈ ಸಂಗತಿಯನ್ನು ನೆನೆದರೆ ಈಗಲೂ ಎದೆಬಡಿತ ಜೋರಾಗುತ್ತದೆ. ಆ ಭರದಲ್ಲಿ ಹೇಳಲೇಬೇಕಾದದ್ದು ಬಿಟ್ಟುಹೋಗಿ, ಹೇಳದಿದ್ದರೂ ನಡೆಯುವಂಥದ್ದು ಸೇರಿಕೊಂಡಿದ್ದರೆ ಅದು ನನ್ನ ಬರಹದ ಕೊರತೆ, ನಡೆದ ಸಂಗತಿಯದ್ದಲ್ಲ. ಮನೆಯವರು ಆಡಿದ ತುಳು ಮಾತುಗಳನ್ನು ನಮ್ಮ ಕಡೆಯ ಕನ್ನಡಕ್ಕೆ ತಂದಿದ್ದೇನೆಂಬುದನ್ನೂ ಇಲ್ಲಿಯೇ ತಿಳಿಸುತ್ತೇನೆ.

ನಮ್ಮ ಮನೆ ಇರುವುದು ರೈಲು ಹಳಿಗೂ ಸಮುದ್ರಕ್ಕೂ ನಡುವಿನ ಪಟ್ಟಿಯಲ್ಲಿ. ಕಾಸರಗೋಡು ಜಿಲ್ಲೆಯ ಕರಾವಳಿಯಲ್ಲಿ ಇಂಥ ಊರುಗಳು ಹಲವು. ಪಡುವಣಕ್ಕೆ ಕಡಲು, ಮೂಡಣಕ್ಕೆ ಹಳಿ, ಹಳಿಯಾಚೆ ಹೆದ್ದಾರಿ. ಶಾಲೆ, ಆಸ್ಪತ್ರೆ, ಪಂಚಾಯತು ಕಚೇರಿ, ಪೇಟೆ ಎಲ್ಲವೂ ಹಳಿಯಾಚೆಗೇ ಇದ್ದವು. ದಾಟಲು ಇದ್ದದ್ದು ಒಂದೇ ರೈಲ್ವೆ ಗೇಟು. ಗೇಟು ಮುಚ್ಚುವುದಕ್ಕೆ ನಮ್ಮಲ್ಲಿ ‘ಗೇಟು ಬಿತ್ತು’ ಎನ್ನುತ್ತಾರೆ. ಬಿದ್ದ ಗೇಟು ಯಾವಾಗ ಏಳುವುದೆಂದು ಯಾರೂ ಖಚಿತವಾಗಿ ಹೇಳಲಾರರು. ಮಂಗಳೂರಿನ ಕಡೆಗೆ ಹೋಗುವ ಗಾಡಿ ದಾಟಿದ ಮೇಲೂ, ಕಣ್ಣೂರಿನ ಕಡೆಗೆ ಹೋಗುವ ಗಾಡಿ ಬರಲಿಕ್ಕಿದೆಯೆಂದು ಅದು ಬಿದ್ದುಕೊಂಡೇ ಇರುತ್ತಿತ್ತು. ಶಾಲೆಯ ಬಸ್ಸು, ಮೀನಿನ ಟೆಂಪೋ, ಆಂಬುಲೆನ್ಸು, ಸ್ಕೂಟರುಗಳು ಎರಡೂ ಕಡೆ ಸಾಲುಗಟ್ಟಿ ನಿಂತು ಪರಸ್ಪರ ಮುಖ ನೋಡುತ್ತಿದ್ದವು. ನಮ್ಮೂರಿನ ಮದುವೆಯ ಆಮಂತ್ರಣ ಪತ್ರಿಕೆಗಳಲ್ಲಿ ಮುಹೂರ್ತದ ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ರೈಲ್ವೆ ಗೇಟು ಇರುವ ಕಾರಣ ಬಂಧುಗಳು ಬೇಗನೆ ಹೊರಡಬೇಕಾಗಿ ವಿನಂತಿ’ ಎಂದು ಅಚ್ಚಾಗುತ್ತಿತ್ತು. ಇದನ್ನು ಬೇರೆ ಊರಿನವರು ತಮಾಷೆಯೆಂದು ತಿಳಿಯುತ್ತಿದ್ದರು. ನಮಗೆ ಅದು ದೇವರ ಚಿತ್ರದಷ್ಟೇ ಸಹಜವಾದ ಭಾಗವಾಗಿತ್ತು.

ನನ್ನ ಅಪ್ಪ ಈ ಗೇಟಿನ ಪಡುಬದಿಯಲ್ಲಿ ಆಟೊ ರಿಕ್ಷಾ ಓಡಿಸುವವರು. ಮೂಡುಬದಿಯಲ್ಲಿ ಅವರಿಗೊಬ್ಬ ಜೋಡಿ ಇದ್ದರು. ಅವರು ಬ್ಯಾರಿ ಮುಸಲ್ಮಾನರು, ನಾವು ಮಕ್ಕಳು ಅವರನ್ನು ಕಾಕ ಎಂದು ಕರೆಯುತ್ತೇವೆ. ಗೇಟು ಬಿದ್ದರೆ ಅಪ್ಪ ತಮ್ಮ ಗಿರಾಕಿಯನ್ನು ಈಚೆ ಇಳಿಸುವರು. ಗಿರಾಕಿ ಬದಿಯಿಂದ ನುಸುಳಿ ಹಳಿ ದಾಟುವನು. ಆಚೆ ಕಾಕನ ಆಟೊ ತಿರುಗಿ ನಿಂತಿರುವುದು. ಬಾಡಿಗೆಯಲ್ಲಿ ಇಬ್ಬರಿಗೂ ಪಾಲು. ಹಾರ್ನಿನ ಸದ್ದಿನಲ್ಲೇ ಅವರ ವ್ಯವಹಾರ ನಡೆಯುತ್ತಿತ್ತು. ಎರಡು ಸಲ ಸಣ್ಣಗೆ ಒತ್ತಿದರೆ ‘ಜನ ಉಂಟು’, ಉದ್ದಕ್ಕೆ ಒಂದು ಸಲ ಒತ್ತಿದರೆ ‘ನಾನು ಊಟಕ್ಕೆ ಹೋಗುತ್ತೇನೆ’. ದಿನವಿಡೀ ಎದುರುಬದುರು ಇದ್ದ ಈ ಇಬ್ಬರು ಒಟ್ಟಿಗೆ ಕುಳಿತು ಚಹಾ ಕುಡಿದದ್ದು ಬಹಳ ಅಪರೂಪ. ಒಬ್ಬರು ದಾಟಿದರೆ ವಾಪಸು ಬರುವುದು ಯಾವಾಗಲೋ ಎಂಬ ಹೆದರಿಕೆ ಇಬ್ಬರಿಗೂ ಇತ್ತು.

ಇನ್ನು ಅಕ್ಕನ ವಿಷಯ. ಅಕ್ಕ ನನಗಿಂತ ಹಿರಿಯಳು. ಹೆದ್ದಾರಿಯ ಬದಿಯಲ್ಲಿ ಗೆಳತಿಯೊಬ್ಬಳ ಜೊತೆ ಹೊಲಿಗೆ ಅಂಗಡಿ ನಡೆಸುತ್ತಿದ್ದಳು. ಅವಳನ್ನು ನೋಡಲು ಮೊದಲು ನೆಕ್ರಾಜೆಯ ಕಡೆಯಿಂದ ಒಂದು ಕುಟುಂಬ ಬರುವುದೆಂದು ನಿಶ್ಚಯವಾಗಿತ್ತು. ಅಮ್ಮ ಬೀಡಿ ಕಟ್ಟುವ ಮೊರವನ್ನು ಎತ್ತಿಟ್ಟು, ಬೆಳಿಗ್ಗೆಯಿಂದಲೇ ಗೋಳಿಬಜೆಗೆ ಹಿಟ್ಟು ಕಲಸಿ, ಶೀರಾ ಮಾಡಿ ಕಾದಿದ್ದರು. ಅವರ ಕಾರು ಗೇಟಿನವರೆಗೆ ಬಂತು. ಗೇಟು ಬಿತ್ತು. ಅಪ್ಪ ಈಚೆ ನಿಂತು ಕೈಬೀಸಿದರು. ಆಚೆ ಕಾರಿನಲ್ಲಿದ್ದವರೂ ಕೈಬೀಸಿದರು. ಒಂದು ಗಾಡಿ ಹೋಯಿತು. ಗೇಟು ಏಳಲಿಲ್ಲ. ಎರಡನೆಯ ಗಾಡಿಯ ಕೊನೆಯ ಡಬ್ಬಿ ಸರಿದಾಗ ಅಪ್ಪನ ಎದುರಿಗೆ ಕಾರು ಇರಲಿಲ್ಲ. ಹೊರಟ ಕಾರ್ಯಕ್ಕೆ ದಾರಿಯಲ್ಲಿ ತಡೆಯಾದರೆ ಮನೆಗೆ ಹಿಂದಿರುಗಿ, ಚಾವಡಿಯಲ್ಲಿ ಕುಳಿತು, ಒಂದು ಲೋಟ ನೀರು ಕುಡಿದು ಹೊಸದಾಗಿ ಹೊರಡಬೇಕೆಂಬ ನಂಬಿಕೆ ನಮ್ಮ ಕಡೆ ಇದೆ. ಅವರು ಹಾಗೆಯೇ ಹಿಂದಿರುಗಿದ್ದರು. ನೀರು ಕುಡಿದರೋ ಇಲ್ಲವೋ ತಿಳಿಯದು; ಮತ್ತೆ ಹೊರಡಲಂತೂ ಇಲ್ಲ.

ಎರಡನೆಯ ಸಲ ಬೆಳ್ಳೂರಿನಿಂದ ಬಂದವರಿಗೂ ಹೀಗೆಯೇ ಆಯಿತು. ಅವರು ಕಾರಿನಿಂದ ಇಳಿದು ನಡೆದು ದಾಟಲು ಮನಸ್ಸು ಮಾಡಿದ್ದರಂತೆ. ಆದರೆ ಶುಭಕಾರ್ಯಕ್ಕೆ ಹೊರಟವರು ಗೇಟಿನ ಕಂಬಿಯ ಕೆಳಗೆ ತಲೆ ತಗ್ಗಿಸಿ ನುಸುಳುವುದು ಸರಿಯಲ್ಲವೆಂದು ಅವರ ಮಾವ ಒಬ್ಬರು ಆಕ್ಷೇಪಿಸಿದರು. ಅಲ್ಲಿಂದ ಮುಂದೆ ಊರಿನಲ್ಲಿ ಅಕ್ಕನ ಬಗ್ಗೆ ಒಂದು ಮಾತು ಹುಟ್ಟಿಕೊಂಡಿತು. ಬಾವಿಕಟ್ಟೆಯಲ್ಲಿ ಯಾರೋ ಅದನ್ನು ಅಮ್ಮನ ಮುಂದೆಯೇ ಆಡಿದರು.

“ನಿಮ್ಮ ದೊಡ್ಡವಳ ಜಾತಕ ಸರಿ ನೋಡಿಸಿದ್ದೀರಾ?”

ಅಮ್ಮ ಮನೆಗೆ ಬಂದು ಕಣ್ಣೊರೆಸಿಕೊಂಡಾಗ ಅಕ್ಕ ಹೊಲಿಗೆಯ ಅಳತೆ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡೇ ನಕ್ಕಳು.

“ಜಾತಕದಲ್ಲಿ ಕುಜದೋಷ ಇಲ್ಲ ಅಮ್ಮ. ಇರುವುದು ಗೇಟುದೋಷ. ಅದಕ್ಕೆ ಶಾಂತಿ ಮಾಡಿಸಬೇಕಾದರೆ ರೈಲ್ವೆಯವರ ಹತ್ತಿರ ಹೋಗಬೇಕು.”

“ನಿನಗೆ ಎಲ್ಲ ತಮಾಷೆ,” ಎಂದರು ಅಮ್ಮ.

ಆದರೆ ಅಕ್ಕನಿಗೂ ಅದು ತಮಾಷೆಯಾಗಿರಲಿಲ್ಲವೆಂದು ನನಗೆ ತಿಳಿದಿತ್ತು. ಬೇರೆ ಹುಡುಗಿಯರ ಮದುವೆಯ ರವಿಕೆಗೆ ಕೊಕ್ಕೆ ಹಾಕುವಾಗ ಅವಳು ರೇಡಿಯೊದ ಸದ್ದನ್ನು ಸ್ವಲ್ಪ ಏರಿಸುತ್ತಿದ್ದಳು.

ಈ ನಡುವೆ ಗೇಟಿನ ಬದಲಿಗೆ ಮೇಲ್ಸೇತುವೆ ಬರುವುದು ನಿಜವಾಯಿತು. ಬಹಳ ವರ್ಷಗಳಿಂದ ಕೇಳುತ್ತ ಬಂದ ಸುದ್ದಿಯಾದ್ದರಿಂದ ಯಾರೂ ಮೊದಲು ನಂಬಲಿಲ್ಲ. ಒಂದು ದಿನ ಪೈಲಿಂಗ್ ಯಂತ್ರ ಬಂದು ನಿಂತಾಗ ಮಾತ್ರ ಊರಿಗೆ ಊರೇ ಎದ್ದು ಹೋಗಿ ನೋಡಿತು. ಭೂಮಿಯೊಳಗೆ ಕಂಬ ಇಳಿಯುವ ಸದ್ದು ಕಡಲಿನ ಸದ್ದನ್ನೂ ಮೀರಿ ಕೇಳಿಸುತ್ತಿತ್ತು. ಅಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತ, “ಆ ಸದ್ದಿಗೆ ನನ್ನ ಕೈಯ ನೂಲು ಸಮೇತ ತಪ್ಪುತ್ತದೆ,” ಎಂದು ದೂರುತ್ತಿದ್ದರು. ಒಂದು ದಿನ ಸದ್ದು ನಿಂತಿದ್ದರೆ, “ಇವತ್ತು ಎಂತ, ಕೆಲಸ ನಿಲ್ಲಿಸಿದ್ರಾ?” ಎಂದು ಅವರೇ ಮೊದಲು ಕೇಳುತ್ತಿದ್ದರು.

ಅಪ್ಪ ಸಂಜೆ ಮನೆಗೆ ಬಂದವರು ಕೈಕಾಲು ತೊಳೆಯುವ ಮೊದಲೇ ಸುದ್ದಿ ಹೇಳಬೇಕು. ಇವತ್ತು ಕಂಬಿ ಕಟ್ಟಿದರು, ಇವತ್ತು ಕಾಂಕ್ರೀಟು ಹಾಕಿದರು, ಇವತ್ತು ದೊಡ್ಡ ಕ್ರೇನು ಬಂತು. ಸೇತುವೆಗೆ ನಮ್ಮ ಹಿರಿಯರು ಸಂಕ ಎನ್ನುತ್ತಾರೆ. ತೋಡು ದಾಟಲು ಹಾಕುವ ಅಡಿಕೆಮರದ ಸಂಕಕ್ಕೂ ಇದಕ್ಕೂ ಅವರಿಗೆ ಹೆಸರಿನಲ್ಲಿ ಭೇದವಿಲ್ಲ. ಹಳಿಯ ಮೇಲಿನ ತೊಲೆಗಳನ್ನು ಕ್ರೇನು ಎತ್ತಿ ಇಟ್ಟ ದಿನ ಅಪ್ಪನೂ ಕಾಕನೂ ಬಾಡಿಗೆ ಬಿಟ್ಟು ಎದುರುಬದುರು ನಿಂತು ನೋಡಿದರಂತೆ. ತೊಲೆ ಕೂತಾಗ ಕಾಕ ಆಚೆಯಿಂದ ಕೂಗಿ ಹೇಳಿದ್ದನ್ನು ಅಪ್ಪ ಮನೆಯಲ್ಲಿ ಹಾಗೆಯೇ ಅನುಕರಿಸಿ ತೋರಿಸಿದರು.

“ಇನ್ನು ನಮ್ಮ ಹಾರ್ನಿಗೆ ರಿಟೈರ್‌ಮೆಂಟ್, ಮಾರಾಯ!”

ಇಳಿಜಾರಿಗೆ ಮಣ್ಣು ತುಂಬಿದ ಮೇಲಂತೂ ಸಂಜೆಯ ಹೊತ್ತು ಹೆಂಗಸರು, ಮಕ್ಕಳು ಕಾವಲುಗಾರನ ಕಣ್ಣು ತಪ್ಪಿಸಿ ಮೇಲೆ ಹತ್ತುತ್ತಿದ್ದರು. ನಾನೂ ಹತ್ತಿದ್ದೇನೆ. ಅಲ್ಲಿಂದ ಕಡಲು ಕಾಣುತ್ತಿತ್ತು. ನಮ್ಮ ಮನೆಯ ಮಾಡು ಕಾಣುತ್ತಿತ್ತು. ಕೆಳಗೆ ರೈಲಿನ ಬೆನ್ನು ಕಾಣುತ್ತಿತ್ತು. ಹುಟ್ಟಿದಾರಭ್ಯ ಎದುರಿಗೆ ನಿಂತು ನೋಡಿದ ರೈಲನ್ನು ಮೇಲಿನಿಂದ ನೋಡಿದಾಗ, ಇಷ್ಟು ವರ್ಷ ಗದರಿಸಿದ ಮೇಷ್ಟರ ನೆತ್ತಿಯನ್ನು ಕಂಡ ಹಾಗೆ ಒಂದು ಸಂತೋಷವಾಯಿತು. ಈ ಹೋಲಿಕೆ ಅನುಚಿತವಾಗಿದ್ದರೆ ಕ್ಷಮಿಸಬೇಕು. ಆದರೆ ನನಗೆ ಹಾಗೆಯೇ ತೋರಿತು.

ಸೇತುವೆಗೆ ಡಾಮರು ಬಿದ್ದ ಮಳೆಗಾಲದಲ್ಲೇ ಅಕ್ಕನಿಗೆ ಮೂರನೆಯ ಸಂಬಂಧ ಬಂತು. ತಂದವರು ಅವಳ ಬಳಿ ರವಿಕೆ ಹೊಲಿಸುವ ಒಬ್ಬ ಅಂಗನವಾಡಿ ಟೀಚರು. ಹುಡುಗ ಎಣ್ಮಕಜೆಯವರು, ಸರಕಾರಿ ಮೃಗಾಸ್ಪತ್ರೆಯೊಂದರಲ್ಲಿ, ಅಂದರೆ ದನಕರುಗಳ ಆಸ್ಪತ್ರೆಯಲ್ಲಿ ಕೆಲಸ. ಫೋಟೋ ನೋಡಿದ ಅಕ್ಕ ಅದನ್ನು ಹಿಂದಿರುಗಿಸಲಿಲ್ಲ. ನಮಗೆ ಅಷ್ಟು ಸಾಕಾಯಿತು.

“ಹುಡುಗ ಪಾಪ, ಒಳ್ಳೆಯವ,” ಎಂದರು ಟೀಚರು. “ಆದರೆ ಅಜ್ಜಿ ಒಬ್ಬರು ಇದ್ದಾರೆ. ಅಲ್ಲಿ ಅವರದ್ದೇ ಮಾತು. ಹೊರಟ ದಾರಿಯಲ್ಲಿ ತಡೆ ಆಗಬಾರದು ಅವರಿಗೆ. ಬೆಕ್ಕು ಅಡ್ಡ ಬಂದರೂ ಕಾರು ಹಿಂದೆ ತಿರುಗಿಸಿ, ಚಾವಡಿಯಲ್ಲಿ ಕೂತು, ನೀರು ಕುಡಿದೇ ಮತ್ತೆ ಹೊರಡುವುದು.”

“ಬೆಕ್ಕಿಗೆ ಹಾಗಾದರೆ ಗೂಡ್ಸ್ ಗಾಡಿಗೆ ಎಂತ ಮಾಡ್ತಾರೆ?” ಎಂದು ಅಮ್ಮ ಕೇಳಿದರು. ಅವರು ನಗಿಸಲು ಕೇಳಿದ್ದಲ್ಲ.

ಅಪ್ಪ ಆಗಲೇ ತೀರ್ಮಾನಿಸಿದರು. “ಸಂಕ ತೆರೆಯಲಿ. ಅವರು ಸಂಕದ ಮೇಲೆಯೇ ಬರಲಿ. ಈ ಸಲ ಗೇಟಿನ ಎದುರು ನಾನು ನಿಲ್ಲುವುದಿಲ್ಲ.”

ಆದರೆ ಸೇತುವೆ ಸಿದ್ಧವಾಗಿದ್ದರೂ ತೆರೆದಿರಲಿಲ್ಲ. ಎರಡೂ ತುದಿಗಳಲ್ಲಿ ಡಾಮರಿನ ಡ್ರಮ್ಮುಗಳನ್ನು ಅಡ್ಡ ಇಟ್ಟಿದ್ದರು. ಉದ್ಘಾಟನೆಗೆ ಮಂತ್ರಿಗಳ ದಿನ ಸಿಗಬೇಕು. ಇತ್ತ ಆಟಿ ತಿಂಗಳು ಹತ್ತಿರವಾಗುತ್ತಿತ್ತು. ಆಟಿಯಲ್ಲಿ ನಮ್ಮಲ್ಲಿ ಹೆಣ್ಣು ನೋಡುವುದಿಲ್ಲ, ನಿಶ್ಚಯ ಮಾಡುವುದಿಲ್ಲ. ಆಟಿಗೆ ಮುಂಚೆ ಬಾರದಿದ್ದರೆ ಅಜ್ಜಿ ಬೇರೆ ಸಂಬಂಧ ನೋಡಲು ಹೇಳಿಬಿಟ್ಟಾರು ಎಂದು ಟೀಚರು ಎಚ್ಚರಿಸಿದ್ದರು. ಅಪ್ಪ ದಿನಾಲೂ ಡ್ರಮ್ಮುಗಳನ್ನು ನೋಡಿ ಬರುತ್ತಿದ್ದರು. ಅಕ್ಕ ಒಂದು ದಿನ ತಾಳ್ಮೆಗೆಟ್ಟು ಹೇಳಿದಳು.

“ಮಂತ್ರಿಗೆ ಪುರುಸೊತ್ತು ಆಗುವಾಗ ಆ ಅಜ್ಜಿಯ ಜಾಗಕ್ಕೆ ನಾನೇ ಅಜ್ಜಿಯಾಗಿ ಹೋಗಬಹುದು.”

ಕೊನೆಗೆ ಮೈಕು ಕಟ್ಟಿದ ಜೀಪು ಮಳೆಯಲ್ಲೇ ಊರೆಲ್ಲ ಸುತ್ತಿ ಸಾರಿತು: ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಉದ್ಘಾಟನೆ. ಆಟಿಗೆ ಮುಂಚಿನ ಕೊನೆಯ ಭಾನುವಾರ ಅದೇ ಆಗಿತ್ತು. ಅಪ್ಪ ಜೀಪಿನ ಹಿಂದೆಯೇ ಆಟೊ ಓಡಿಸಿ, ಎರಡನೆಯ ಸಲವೂ ಕೇಳಿ ಖಚಿತಪಡಿಸಿಕೊಂಡು ಬಂದರು. ಹತ್ತಕ್ಕೆ ಉದ್ಘಾಟನೆಯಾದರೆ ಹನ್ನೊಂದಕ್ಕೆ ರಸ್ತೆ ಖಾಲಿ. ಹನ್ನೊಂದೂವರೆಗೆ ಹುಡುಗನ ಕಡೆಯವರು ಬರಲಿ ಎಂದು ಹೇಳಿ ಕಳುಹಿಸಿದರು. ಸಭೆಗಳು ಹೇಳಿದ ಹೊತ್ತಿಗೆ ಆರಂಭವಾಗುವುದಿಲ್ಲವೆಂಬುದು ಊರಿಗೇ ಗೊತ್ತಿದ್ದ ವಿಚಾರ. ಆದರೆ ನಾವೆಲ್ಲರೂ ಎಷ್ಟು ಹಿಗ್ಗಿದ್ದೆವೆಂದರೆ ಆ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ನನ್ನನ್ನು ಸ್ವಾಗತ ಸಮಿತಿಗೆ ಸೇರಿಸಿದ್ದರು. ಕನ್ನಡದವರಿಗೆ ಕನ್ನಡದಲ್ಲಿ, ಮಲಯಾಳದವರಿಗೆ ಮಲಯಾಳದಲ್ಲಿ ಹೇಳಿ ಕುರ್ಚಿ ತೋರಿಸುವುದು ನನ್ನ ಕೆಲಸ. ಭಾನುವಾರ ಬೆಳಿಗ್ಗೆ ಸೇತುವೆಯ ಮೂಡು ತುದಿಗೆ ಹೋದಾಗ ಕಂಡ ಸಂಭ್ರಮವನ್ನು ಹೇಳಲು ನನ್ನ ಮಾತು ಸಾಲದು. ಮಳೆ ಬಿಟ್ಟಿತ್ತು. ಚೆಂಡೆಯವರ ತಂಡ, ಬಣ್ಣದ ಮುತ್ತುಕೊಡೆಗಳನ್ನು ಹಿಡಿದವರು, ತಟ್ಟೆಯಲ್ಲಿ ದೀಪವನ್ನೂ ಹೂವನ್ನೂ ಇಟ್ಟುಕೊಂಡು ಎರಡು ಸಾಲಾಗಿ ನಿಂತ ಹೆಣ್ಣುಮಕ್ಕಳು, ಬಲೂನು ಮಾರುವವರು, ಕಡಲೆ ಹುರಿಯುವವರು ಎಲ್ಲರೂ ನೆರೆದಿದ್ದರು. ಡ್ರಮ್ಮುಗಳು ಸರಿದು ಅವುಗಳ ಜಾಗದಲ್ಲಿ ಕೆಂಪು ರಿಬ್ಬನು ಬಂದಿತ್ತು. ಸೇತುವೆಯ ಆಚೆ ತುದಿಯಲ್ಲಿ, ಅಂದರೆ ನಮ್ಮ ಬದಿಯಲ್ಲಿ, ಇನ್ನೊಂದು ಊರಷ್ಟು ಜನ ನಿಂತು ಕೂಗುವುದು ಕೇಳಿಸುತ್ತಿತ್ತು. ರಿಬ್ಬನು ಕತ್ತರಿಸಿದ ಕೂಡಲೇ ಎರಡೂ ಕಡೆಯವರು ನಡುವಿಗೆ ಬಂದು ಸೇರುವುದೆಂದು ಮಾತಾಗಿತ್ತು.

ಹತ್ತಾಯಿತು. ಮಂತ್ರಿಗಳು ಬರಲಿಲ್ಲ. ಹನ್ನೊಂದಾಯಿತು. ಮೈಕಿನವರು ‘ಹೊರಟಿದ್ದಾರೆ, ದಾರಿಯಲ್ಲಿದ್ದಾರೆ’ ಎಂದು ಸಮಾಧಾನ ಹೇಳುತ್ತಲೇ ಇದ್ದರು. ನನ್ನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಕೆಳಗೆ ಗೇಟಿನ ರಸ್ತೆ ಕಾಣುತ್ತಿತ್ತು. ಅಷ್ಟರಲ್ಲಿ ಗಂಟೆ ಬಡಿಯಿತು, ಗೇಟು ಬಿತ್ತು. ಗೇಟಿನ ಆಚೆ ಬದಿಯಲ್ಲಿ ಅಪ್ಪ, ಒಗೆದು ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ, ನಿಲ್ಲುವುದಿಲ್ಲವೆಂದು ಹೇಳಿದ್ದ ಜಾಗದಲ್ಲಿಯೇ ನಿಂತಿದ್ದರು.

ಹುಡುಗನ ಕಡೆಯವರಿಗೆ ದಾರಿ ತೋರಿಸಲೆಂದು ಅಪ್ಪ ಕಾಕನನ್ನು ಹೆದ್ದಾರಿಯಲ್ಲಿ ನಿಲ್ಲಿಸಿದ್ದರು. ಆಗ ನನ್ನ ಫೋನು ಹೊಡೆದುಕೊಂಡಿತು. ಕಾಕ.

“ಮಗಳೇ, ನಿಮ್ಮವರು ಹೆದ್ದಾರಿ ಇಳಿದಿದ್ದಾರೆ. ಬಿಳಿ ಕಾರು. ಎದುರು ಸೀಟಿನಲ್ಲಿ ಬಿಳಿ ಬಟ್ಟೆ ಹಾಕಿದ ದೊಡ್ಡ ಜನ, ಹಿಂದೆ ಅಜ್ಜಿ. ಸಂಕ ತೆರೆದಿದೆಯಾ?”

“ಇಲ್ಲ ಕಾಕ! ಗೇಟು ಕೂಡ ಬಿತ್ತು. ಅವರನ್ನು ಹೇಗಾದರೂ ಹೋಟೆಲಿನಲ್ಲಿ ಕೂರಿಸಿ.”

“ಯಾವ ಹೋಟೆಲು? ಎಲ್ಲ ಮುಚ್ಚಿ ಮಂತ್ರಿ ನೋಡಲು ಬಂದಿದ್ದಾರೆ. ಗೇಟಿಗೆ ಹೋದರೆ ಅಜ್ಜಿ ಕಾರು ತಿರುಗಿಸ್ತಾರೆ. ನಾನು ಆ ಕಡೆಗೇ ಕರ್ಕೊಂಡು ಬರ್ತೇನೆ. ಅಲ್ಲಿ ಕುರ್ಚಿ ಉಂಟಲ್ಲ?”

“ಉಂಟು. ಆದರೆ ಅದು ಅತಿಥಿಗಳಿಗೆ...”

“ಇವರು ಮತ್ತೆ ಯಾರು? ಅತಿಥಿಗಳೇ ಅಲ್ವಾ ಮಾರಾಯ್ತಿ!” ಎಂದು ಅವರು ಫೋನು ಇಟ್ಟರು.

ಮುಂದೆ ನಡೆದದ್ದನ್ನು ಆದಷ್ಟು ಕ್ರಮವಾಗಿ ಹೇಳಲು ಯತ್ನಿಸುತ್ತೇನೆ. ಜನರ ನಡುವೆ ಮೊದಲು ಕಾಕನ ಆಟೊ ಕಾಣಿಸಿತು. ಅವರು ಹೆಡ್‌ಲೈಟು ಉರಿಸಿ, ಹಾರ್ನನ್ನು ಬಿಡದೆ ಒತ್ತುತ್ತ, ಒಂದು ಕೈಯನ್ನು ಹೊರಗೆ ಚಾಚಿ, “ದಾರಿ ಬಿಡಿ! ಕಾರು ಬರ್ತಾ ಉಂಟು, ದಾರಿ ಬಿಡಿ!” ಎಂದು ಕೂಗುತ್ತಿದ್ದರು. ಅದರ ಹಿಂದೆ ತೊಳೆದು ಮಿರುಗುವ ಬಿಳಿ ಕಾರು. ಎದುರು ಸೀಟಿನಲ್ಲಿ ಹುಡುಗನ ಸೋದರಮಾವ, ಗರಿಗರಿಯಾದ ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ ಗಂಭೀರವಾಗಿ ಕುಳಿತಿದ್ದರು; ಹಿಂದೆ ಅಜ್ಜಿಯ ಪಕ್ಕದಲ್ಲಿ ಹುಡುಗ ಇದ್ದರು. ಬೆಳಗಿನಿಂದ ಕಾದು ಬೇಸತ್ತಿದ್ದ ಚೆಂಡೆಯವರಿಗೆ ಮತ್ತೇನು ಬೇಕು? ಮುಂದೆ ನಿಂತವರ ಕೋಲು ಚೆಂಡೆಗೆ ಬಿತ್ತು, ಹಿಂದಿನವರೆಲ್ಲ ಸೇರಿಕೊಂಡರು. ಮುತ್ತುಕೊಡೆಗಳು ಎದ್ದವು. ಹೆಣ್ಣುಮಕ್ಕಳು ಹೂ ಎರಚಲು ತೊಡಗಿದರು. ಸೋದರಮಾವ ಕಾರಿನಿಂದ ಇಳಿಯುತ್ತಲೇ ಸಮಿತಿಯ ಹಿರಿಯರೊಬ್ಬರು ಮುಂದೆ ನುಗ್ಗಿ ಅವರ ಕೈಗೆ ಹೂಗುಚ್ಛ ಕೊಟ್ಟು, ಹೆಗಲಿಗೆ ಶಾಲು ಹೊದಿಸಿಬಿಟ್ಟರು. ಮೈಕಿನಲ್ಲಿ ಮಲಯಾಳದಲ್ಲಿ ಸ್ವಾಗತ ಮೊಳಗಿತು.

ಸಮಿತಿಯವಳಾಗಿ ತಪ್ಪನ್ನು ತಿಳಿಸುವುದು ನನ್ನ ಕರ್ತವ್ಯವಾಗಿತ್ತು. ಆದರೆ ಆಗ ಹಿಂದಿನ ಬಾಗಿಲು ತೆರೆದು ಅಜ್ಜಿ ಇಳಿದರು. ಗಿಡ್ಡನೆಯ ದೇಹ, ಮುಡಿಯಲ್ಲಿ ಅಬ್ಬಲಿಗೆ, ಕೈಯಲ್ಲಿ ಬಟ್ಟೆಯ ಚೀಲ. ಅವರು ಚೆಂಡೆಯವರನ್ನು ನೋಡಿದರು. ದೀಪದ ತಟ್ಟೆಗಳನ್ನು ನೋಡಿದರು. ತಲೆಯ ಮೇಲೆ ಬಿದ್ದ ಹೂವನ್ನು ತೆಗೆದು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಮಗನಾದ ಸೋದರಮಾವನ ಕಡೆ ತಿರುಗಿ ಹೇಳಿದ ಮಾತು ಚೆಂಡೆಯ ನಡುವೆಯೂ ನನಗೆ ಸ್ಪಷ್ಟವಾಗಿ ಕೇಳಿಸಿತು.

“ಹೆಣ್ಣು ನೋಡಲು ಬಂದವರಿಗೆ ಇಷ್ಟೆಲ್ಲ ಎಂತಕ್ಕೆ ಮಾಡಿದ್ದು ಇವರು? ಪಾಪ, ಆಟೊ ಓಡಿಸುವ ಜನ ಅಂದಿದ್ದರಲ್ಲ!”

ನಾನು ಓಡಿ ಹೋಗಿ ಅವರ ಮುಂದೆ ನಿಂತೆ. ಕಾಲಿಗೆ ನಮಸ್ಕರಿಸಿ, ನಾನು ಹುಡುಗಿಯ ತಂಗಿ ಎಂದು ತಿಳಿಸಿ, ಈ ಸ್ವಾಗತ ಮಂತ್ರಿಗಳಿಗಾಗಿ ಏರ್ಪಡಿಸಿದ್ದೆಂದೂ, ಸೇತುವೆ ಇನ್ನೂ ತೆರೆದಿಲ್ಲವೆಂದೂ, ಗೇಟು ಬಿದ್ದಿದೆಯೆಂದೂ ಸತ್ಯವನ್ನೇ ಹೇಳಿದೆ. ಸುಳ್ಳಿನಿಂದ ಆರಂಭವಾದ ಸಂಬಂಧ ನಾಳೆ ಅಕ್ಕನಿಗೇ ತೊಂದರೆಯಾದೀತೆಂದು ಆ ಕ್ಷಣಕ್ಕೆ ತೋರಿತು. ಕಾಕ ತಲೆಯ ಮೇಲೆ ಕೈ ಹೊತ್ತರು.

ಸೋದರಮಾವ ಶಾಲನ್ನು ಮೆಲ್ಲನೆ ಮಡಚತೊಡಗಿದರು.

“ಹಾಗಾದರೆ ಗೇಟು ಬಿದ್ದಿದೆ,” ಎಂದರು ಅಜ್ಜಿ.

“ಹೌದು ಅಜ್ಜಿ.”

“ಆದರೆ ನಮ್ಮ ಕಾರು ಗೇಟಿಗೆ ಹೋಗಲಿಲ್ಲ.”

“ಇಲ್ಲ.”

“ಚೆಂಡೆ ನಮಗೇ ಬಡಿದದ್ದು. ಹೂ ನನ್ನ ತಲೆಗೇ ಬಿದ್ದದ್ದು. ಹೌದೋ ಅಲ್ಲವೋ?”

“ಹೌದು, ಹೌದು!” ಎಂದು ನನಗಿಂತ ಮೊದಲು ಕಾಕನೇ ಉತ್ತರಿಸಿದರು.

“ಮತ್ತೆ ಇದಕ್ಕೆ ಯಾರಾದರೂ ತಡೆ ಅಂತ ಹೇಳ್ತಾರಾ? ಇದು ಎದುರುಗೊಂಡದ್ದು,” ಎಂದು ತೀರ್ಪು ಕೊಟ್ಟ ಅಜ್ಜಿ, ಮಗನಿಗೆ ಆಜ್ಞೆ ಮಾಡಿದರು. “ಶಾಲು ವಾಪಸು ಕೊಡು, ಅದು ಅವರದ್ದು. ಹೂಗುಚ್ಛ ಇರಲಿ. ಮಂತ್ರಿಗೆ ಬೇರೆ ತರ್ತಾರೆ.”

ಅಷ್ಟು ಹೊತ್ತಿಗೆ ನಿಜವಾದ ಮಂತ್ರಿಗಳ ಕಾರೂ ಬಂದಿತು. ಚೆಂಡೆಯವರು ಎರಡನೆಯ ಸಲ ಮೊದಲಿಗಿಂತಲೂ ಜೋರಾಗಿ ಬಾರಿಸಿದರು. ಭಾಷಣಗಳಾದವು. ನಾನು ಅಜ್ಜಿಯನ್ನು, ಸೋದರಮಾವನನ್ನು, ಹುಡುಗನನ್ನು ಮುಂದಿನ ಸಾಲಿನಲ್ಲೇ ಕೂರಿಸಿದ್ದೆ. ಹುಡುಗ ಇಷ್ಟು ಹೊತ್ತೂ ನಗು ತಡೆಯಲಾರದೆ ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುತ್ತಲೇ ಇದ್ದರು. ಅವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಮೂಡಿದ್ದು ಆಗಲೇ.

ರಿಬ್ಬನು ಕತ್ತರಿಸಿದ್ದೇ ತಡ, ಜನ ಸೇತುವೆಯ ಮೇಲೆ ನುಗ್ಗಿದರು. ಮುಂದೆ ಚೆಂಡೆ, ಅದರ ಹಿಂದೆ ಮಂತ್ರಿಗಳು, ಅವರ ಹಿಂದೆ ನಮ್ಮ ಅಜ್ಜಿ. ಕಾರಿನಲ್ಲಿ ಕುಳಿತುಕೊಳ್ಳಿ ಎಂದರೆ ಅವರು ಒಪ್ಪಲಿಲ್ಲ. “ಇಷ್ಟು ದೊಡ್ಡ ಸಂಕದಲ್ಲಿ ನಡೆಯುವುದು ಬಿಟ್ಟು ಕಾರಿನಲ್ಲಿ ಯಾಕೆ ಕೂರುವುದು?” ಎಂದು ಮೊಮ್ಮಗನ ಕೈ ಹಿಡಿದು ಏರತೊಡಗಿದರು. ಗಾಳಿಗೆ ಮುತ್ತುಕೊಡೆಗಳು ತೊನೆದಾಡುತ್ತಿದ್ದವು. ಆಚೆಯಿಂದಲೂ ಜನರ ಹೊಳೆ ಏರಿ ಬರುತ್ತಿತ್ತು. ಮುಂದೆ ಅಪ್ಪ ಓಡಿಬರುತ್ತಿದ್ದರು. ಗೇಟಿನ ಹತ್ತಿರದಿಂದ ಬಿಳಿ ಕಾರು ಎಲ್ಲಿಯೂ ಕಾಣದೆ ಅವರು ಅರ್ಧ ಪ್ರಾಣವಾಗಿದ್ದರೆಂದು ಆಮೇಲೆ ತಿಳಿಯಿತು. ಅವರ ಹಿಂದೆ ಅಮ್ಮ. ಅಮ್ಮನ ಹಿಂದೆ, ನಮ್ಮ ಕಡೆಯ ಪದ್ಧತಿಯಂತೆ ಮನೆಯೊಳಗೆ ಇದ್ದು ಕಾಫಿ ತಟ್ಟೆ ಹಿಡಿದು ಹೊರಬರಬೇಕಾಗಿದ್ದ ಅಕ್ಕ!

ಊರಿಗೆ ಊರೇ ಸಂಕ ಹತ್ತುವಾಗ ಅವಳು ಒಬ್ಬಳೇ ಅಡುಗೆಮನೆಯಲ್ಲಿ ಕುಳಿತುಕೊಳ್ಳಲು ನಿರಾಕರಿಸಿದ್ದಳಂತೆ. ತಾನೇ ಹೊಲಿದ ಹಸುರು ರವಿಕೆ, ಅಮ್ಮನ ಮದುವೆಯ ಸೀರೆ. ಗಾಳಿಗೆ ಕೂದಲು ಕೆದರಿತ್ತು.

ಸರಿಯಾಗಿ ಹಳಿಯ ಮೇಲೆ, ಸೇತುವೆಯ ನಡುಮಧ್ಯದಲ್ಲಿ ಎರಡೂ ಕಡೆಯವರು ಮುಖಾಮುಖಿಯಾದೆವು. ಅಪ್ಪ ಏದುಸಿರು ಬಿಡುತ್ತಲೇ ಕೈಮುಗಿದರು. ಅಜ್ಜಿ ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಇವಳಾ?”

“ಹೌದು ಅಜ್ಜಿ,” ಎಂದೆ.

“ರವಿಕೆ ಯಾರು ಹೊಲಿದದ್ದು?”

“ನಾನೇ,” ಎಂದಳು ಅಕ್ಕ.

“ನನಗೊಂದು ಹೊಲಿದು ಕೊಡ್ತೀಯಾ? ನಮ್ಮಲ್ಲಿಯ ಟೈಲರ್ ಕೈ ಹತ್ತಿರ ಬಿಗಿ ಮಾಡಿಬಿಡ್ತಾನೆ.”

“ಅಳತೆಗೆ ಒಂದು ಹಳೆಯ ರವಿಕೆ ಕೊಡಿ. ಕೈ ಸಡಿಲ ಇಡುತ್ತೇನೆ.”

ಅಜ್ಜಿ ಪಕ್ಕಕ್ಕೆ ಸರಿದು, ಮೊಮ್ಮಗನ ಬೆನ್ನಿಗೆ ಕೈಯಿಟ್ಟು ಮುಂದೆ ದೂಡಿದರು. “ನೀನು ಎಂತ ಕೇಳುವುದಿದ್ದರೂ ಕೇಳು. ಗಾಳಿಗೆ ನಮಗೆ ಹೇಗೂ ಕೇಳುವುದಿಲ್ಲ.”

ಆದರೆ ಮೊದಲು ಕೇಳಿದ್ದು ಅಕ್ಕ. ನಾನು ಹತ್ತಿರವೇ ಇದ್ದುದರಿಂದ ನನಗೆ ಕೇಳಿಸಿತು.

“ಚೆಂಡೆ ಬಡಿಯದಿದ್ದರೆ ತಿರುಗಿ ಹೋಗುತ್ತಿದ್ದಿರಾ?”

ಹುಡುಗ ಸ್ವಲ್ಪ ಯೋಚಿಸಿ ಹೇಳಿದರು. “ಅಜ್ಜಿಯನ್ನು ಮಾವನ ಜೊತೆ ಕಳಿಸುತ್ತಿದ್ದೆ. ನಾನು ಗೇಟು ಏಳುವವರೆಗೆ ನಿಂತು ಆಮೇಲೆ ನಡೆದು ಬರುತ್ತಿದ್ದೆ. ದನ ಕರು ಹಾಕುವುದನ್ನು ರಾತ್ರಿಯೆಲ್ಲ ಕಾಯುವವನಿಗೆ ಒಂದು ಗೇಟು ಎಂತ?”

ಅಕ್ಕ ಮೊದಲು ತುಟಿ ಬಿಗಿಹಿಡಿದಳು; ಆಮೇಲೆ ತಡೆಯಲಾರದೆ ನಕ್ಕುಬಿಟ್ಟಳು. ಇಷ್ಟು ಗಟ್ಟಿಯಾಗಿ ಅವಳು ನಕ್ಕದ್ದನ್ನು ನಾನು ಬಹಳ ಕಾಲದಿಂದ ಕೇಳಿರಲಿಲ್ಲ. ಕೆಳಗಿನಿಂದ ಒಂದು ರೈಲು ಕೂಗುತ್ತ ಹಾದುಹೋಯಿತು. ಸಂಕದ ಮೇಲಿದ್ದವರೆಲ್ಲರೂ ಬದಿಯ ಗೋಡೆಗೆ ಓಡಿ ಅದಕ್ಕೆ ಕೈಬೀಸಿ ಕೂಗಿದರು. ಅಪ್ಪನೂ ಕಾಕನೂ ಹೆಗಲ ಮೇಲೆ ಕೈಹಾಕಿಕೊಂಡು ಎಲ್ಲರಿಗಿಂತ ಜೋರಾಗಿ ಕೂಗಿದರು. ಅಮ್ಮ ಮಾತ್ರ ಅಜ್ಜಿಯ ಬಳಿಗೆ ಹೋಗಿ, “ಎಣ್ಣೆ ಒಲೆಯ ಮೇಲೆ ಇಟ್ಟೇ ಬಂದಿದ್ದೇನೆ, ದಯವಿಟ್ಟು ಬೇಗ ಮನೆಗೆ ಬನ್ನಿ,” ಎಂದು ಬೇಡಿಕೊಂಡರು. ಒಲೆ ಆರಿಸಿದ್ದೆನೆಂದು ಅಕ್ಕ ಎಷ್ಟು ಹೇಳಿದರೂ ಅವರಿಗೆ ನಂಬಿಕೆ ಬರಲಿಲ್ಲ.

ಆ ಮಧ್ಯಾಹ್ನ ನಮ್ಮ ಜಗಲಿಯಲ್ಲೇ ಮಾತು ನಿಶ್ಚಯವಾಯಿತು. ಆಟಿ ಕಳೆದು ಸೋಣ ತಿಂಗಳಿನಲ್ಲಿ ಮದುವೆ ನಡೆಯಿತು.

ಆಮೇಲೆ ನಮ್ಮ ಮನೆಯಲ್ಲಿ ಆದ ಬದಲಾವಣೆಗಳನ್ನು ನೇರವಾಗಿ ಹೇಳಿ ಮುಗಿಸುತ್ತೇನೆ. ಅಕ್ಕ ಈಗ ಎಣ್ಮಕಜೆಯಲ್ಲಿದ್ದಾಳೆ. ಇಲ್ಲಿಯ ಅಂಗಡಿಯನ್ನು ಗೆಳತಿಗೆ ಬಿಟ್ಟು ಅಲ್ಲಿ ಹೊಸ ಹೊಲಿಗೆ ಅಂಗಡಿ ತೆರೆದಿದ್ದಾಳೆ. ರೈಲ್ವೆಯವರು ಗೇಟನ್ನು ತೆಗೆದು ಎರಡೂ ಬದಿಗೆ ಗೋಡೆ ಕಟ್ಟಿದ್ದಾರೆ. ಬಸ್ಸು ಈಗ ಕಡಲಬದಿಯವರೆಗೆ ಬರುವುದರಿಂದ ಅಪ್ಪನಿಗೆ ಬಾಡಿಗೆ ಮೊದಲಿಗಿಂತ ಕಡಿಮೆ. ಆದ್ದರಿಂದ ಅವರು ಹೆದ್ದಾರಿಯ ಆಟೊ ಸ್ಟ್ಯಾಂಡಿಗೆ ಹೋಗಿ ಕಾಕನ ಹಿಂದೆಯೇ ಸರದಿಯಲ್ಲಿ ನಿಲ್ಲುತ್ತಾರೆ. ಇಬ್ಬರೂ ಒಟ್ಟಿಗೆ ಚಹಾ ಕುಡಿಯುತ್ತಾರೆ. ಅಕ್ಕ ಇಲ್ಲದ ಮನೆ ಅಮ್ಮನಿಗೆ ದೊಡ್ಡದಾಗಿ ಕಾಣುತ್ತದೆ. ಬೇಸರವಾದಾಗ ಬೆಳಿಗ್ಗೆ ಸಂಕದ ಮೇಲೆ ಬರುವ ಬಸ್ಸು ಹತ್ತಿ ಹೋಗಿ ಮಗಳನ್ನು ಕಂಡು, ಸಂಜೆ ಬೀಡಿಯ ಎಲೆ ನೆನೆಹಾಕುವ ಹೊತ್ತಿಗೆ ಹಿಂದಿರುಗುತ್ತಾರೆ.